ಅತ್ತೆಯ ಹಣೆ

ನಮ್ಮ ಸೋದರತ್ತೆ ಹೋದದ್ದು ನಂಜನಗೂಡಿನ ನನ್ನ ಮನೆಯ ಅಡುಗೆಮನೆಯಲ್ಲಿ, ಬೆಳಗಿನ ಕಾಫಿ ಕುಡಿಯುತ್ತ. "ಸಕ್ಕರೆ ಸಾಲ್ದು ಕಣೇ" ಎಂದಳು. ನಾನು ಡಬ್ಬಿ ತೆಗೆಯಲು ತಿರುಗಿದೆ. ಡಬ್ಬಿ ಹಿಡಿದು ಈ ಕಡೆ ತಿರುಗುವಷ್ಟರಲ್ಲಿ ಅವಳು ಗೋಡೆಗೆ ಒರಗಿದ್ದಳು, ಲೋಟ ಮಡಿಲಲ್ಲಿ ಮಗುಚಿಕೊಂಡಿತ್ತು. ಕರೆದೆ, ಅಲುಗಾಡಿಸಿದೆ. ಪಕ್ಕದ ಬೀದಿಯ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. ನಾನು ಗ್ಯಾಸ್ ಆರಿಸಿದೆ, ಸಕ್ಕರೆ ಡಬ್ಬಿಗೆ ಮುಚ್ಚಳ ಹಾಕಿದೆ, ಹೆಮ್ಮರಗಾಲದಲ್ಲಿರುವ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅಳು ಬರಲಿಲ್ಲ. ಜನ ಬಂದಮೇಲೆ ಬಂದೀತು ಅಂದುಕೊಂಡೆ. ಆಗಲೂ ಬರಲಿಲ್ಲ. ಕೈ ಜೋಮು ಹಿಡಿದಾಗ ಅದು ನಮ್ಮದೇ ಎಂದು ಗೊತ್ತಿದ್ದೂ ನಮ್ಮದಲ್ಲ ಅನ್ನಿಸುತ್ತದಲ್ಲ, ಅಂದು ಇಡೀ ದಿನ ನಾನು ಹಾಗೇ ಇದ್ದೆ. ಈಗಲೂ ಅದು ಪೂರ್ತಿ ಬಿಟ್ಟಿಲ್ಲ.

ಅತ್ತೆ ನಮ್ಮ ಅಪ್ಪನ ಅಕ್ಕ. ಅಪ್ಪ ಹೋಗಿ ಬಹಳ ಕಾಲವಾಯಿತು. ಹೆಮ್ಮರಗಾಲದ ಮನೆ, ಹೊಲ ಎಲ್ಲ ಈಗ ಚಿಕ್ಕಪ್ಪನ ಉಸ್ತುವಾರಿ. ನಾನು ತಿ. ನರಸೀಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಒಂದು ಅಂಕದ ಪ್ರಶ್ನೆಗಳಿಗೆ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇನೆ: ದೇಶದ ಮೊದಲ ಮಹಿಳಾ ಅದು ಯಾರು, ಮೊದಲ ಮಹಿಳಾ ಇದು ಯಾರು. ಮಕ್ಕಳು ರಾಗವಾಗಿ ಒಪ್ಪಿಸುತ್ತವೆ. ಅದನ್ನೇ ತಾಲ್ಲೂಕಿನ ಮಟ್ಟಕ್ಕೆ ಇಳಿಸಿ ಕೇಳಿದರೆ ಎಷ್ಟೋ ಪ್ರಶ್ನೆಗೆ ನಮ್ಮ ಅತ್ತೆಯ ಹೆಸರನ್ನೇ ಬರೆಯಬೇಕಾಗುತ್ತಿತ್ತು. ಆದರೆ ಅಂಥ ಪ್ರಶ್ನೆಪತ್ರಿಕೆ ಯಾರೂ ತೆಗೆಯುವುದಿಲ್ಲ. ತೆಗೆದರೂ ಉತ್ತರ ಸರಿಯೋ ತಪ್ಪೋ ಎಂದು ಹೇಳುವವರು ಉಳಿದಿಲ್ಲ.

ಅವಳನ್ನು ನರಸೀಪುರದಾಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಇನ್ನೂ ಚಿಕ್ಕ ವಯಸ್ಸು. ಮಕ್ಕಳಾಗಲಿಲ್ಲ ಎಂಬ ನೆಪಕ್ಕೆ ಆ ಮನೆಯವರು ಹೆಚ್ಚು ದಿನ ಕಾಯಲೂ ಇಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ. ಹೊಸಬಳು ಹೊಸಿಲು ದಾಟಿ ಒಳಗೆ ಬಂದ ದಿನವೇ ಇವಳು ಅದೇ ಹೊಸಿಲು ದಾಟಿ ಆಚೆ ಬಂದಳು. ತಾಳಿಯನ್ನು ಬಿಚ್ಚಿ ಆ ಮನೆಯ ದೇವರ ಗೂಡಿನಲ್ಲೇ ಇಟ್ಟಳಂತೆ. ಕೂಗಾಟವಿಲ್ಲ, ಪಂಚಾಯಿತಿಯಿಲ್ಲ. ಕೊರಳಲ್ಲಿ ಲಿಂಗ ಇತ್ತು, ಹಣೆಗೆ ವಿಭೂತಿ ಇಟ್ಟುಕೊಂಡಳು. ಅಂದಿನಿಂದ ಅವಳು ಕುಂಕುಮ ಮುಟ್ಟಿದ್ದನ್ನು ಕಂಡವರಿಲ್ಲ.

ತವರಿನಲ್ಲಿ ಮೂಲೆ ಹಿಡಿದು ಕೂರುವವಳಲ್ಲ. ನಂಜನಗೂಡಿಗೆ ಬಂದು ಬಾಡಿಗೆ ಸೈಕಲ್ ಅಂಗಡಿ ಇಟ್ಟಳು. ಪಂಕ್ಚರ್ ಹಾಕುವುದನ್ನು ಅವಳು ಕಲಿತದ್ದು ನಮ್ಮ ಅಪ್ಪನ ಹಳೇ ಸೈಕಲ್ಲಿನಲ್ಲಿ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ, ಉಜ್ಜಿ, ಅಂಟಿಸುವುದು. ಹೆಂಗಸು ಪಂಕ್ಚರ್ ಹಾಕುತ್ತಾಳಂತೆ ಎಂದು ಜನ ಗುಂಪುಗೂಡಿ ನೋಡುತ್ತಿದ್ದರಂತೆ. ಗಾಳಿ ಗಟ್ಟಿಯಾಗಿರುವ ಸೈಕಲ್ಲನ್ನೂ ತಂದು ನಿಲ್ಲಿಸಿ "ಒಸಿ ನೋಡಿ" ಎನ್ನುತ್ತಿದ್ದ ಗಂಡಸರಿಗೇನೂ ಕಡಿಮೆಯಿರಲಿಲ್ಲ. ಇವಳು ಅವರ ಮುಂದೆಯೇ ಗಾಳಿ ಬಿಟ್ಟು, ಪಂಪು ಅವರ ಕೈಗೇ ಕೊಟ್ಟು, "ಈಗ ನೀವೇ ಒಡ್ಕಳಿ" ಎನ್ನುತ್ತಿದ್ದಳು. ಆ ಬೀದಿಯ ಹುಡುಗಿಯರು ಸೈಕಲ್ ಕಲಿತದ್ದು ಅವಳ ಅಂಗಡಿಯಿಂದ. ಕೆಲವು ವರ್ಷದಲ್ಲಿ ಅದೇ ಸಾಲಿನಲ್ಲಿ ಇನ್ನಷ್ಟು ಸೈಕಲ್ ಅಂಗಡಿಗಳಾದವು. ಅವಳು ಬಾಗಿಲು ಹಾಕಿದಳು. ಯಾಕೆ ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೆ.

"ನಾನು ಓದಾಗ ಖಾಲಿ ಇರ್ತದೆ. ಆಮೇಕೆ ಎಲ್ಲಾರೂ ಬತ್ತಾರೆ, ರಷ್ಷಾಯ್ತದೆ. ನಂಗೆ ರಷ್ಷು ಆಗಕ್ಕಿಲ್ಲ" ಎಂದಳು. ಅವಳ ಇಡೀ ಜೀವನಕ್ಕೆ ಅವಳು ಕೊಟ್ಟ ವಿವರಣೆ ಇಷ್ಟೇ.

ಆಮೇಲೆ ಬೋರಿಂಗ್ ಬಂತು. ಊರೂರಿಗೆ ಹಾಕಿಸಿದ್ದ ಕೈಪಂಪನ್ನು ನಮ್ಮ ಕಡೆ ಬೋರಿಂಗ್ ಎನ್ನುವುದು. ಅದನ್ನು ರಿಪೇರಿ ಮಾಡಲು ಹೆಂಗಸರಿಗೆ ತರಬೇತಿ ಕೊಡುತ್ತಾರೆ ಎಂದು ಯಾರೋ ಹೇಳಿದರು. ಇವಳು ಹೋಗಿ ಕಲಿತಳು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು, ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದ ಸ್ಪ್ಯಾನರ್ ಚೀಲ. ಬೇಸಿಗೆ ರಜೆಯಲ್ಲಿ ನಾನು ಮುಂದಿನ ಬಾರಿನ ಮೇಲೆ ಕೂತು ಅವಳ ಜೊತೆ ಹೋಗಿದ್ದೇನೆ. ಊರಿನ ನಾಲ್ಕು ಹೆಂಗಸರನ್ನು ಸೇರಿಸಿಕೊಂಡು ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ, ಸವೆದ ವಾಷರ್ ಬದಲಾಯಿಸಿ, ಮತ್ತೆ ಇಳಿಸುವುದು. ಹಿಡಿ ಒತ್ತಿ ಒತ್ತಿ ಕೆಂಪು ನೀರು ಹೋಗಿ ತಿಳಿನೀರು ಬಂದಮೇಲೆ ಮೊದಲ ಬೊಗಸೆ ಅವಳೇ ಕುಡಿಯಬೇಕು. ಅದು ಅವಳು ಮಾಡಿಕೊಂಡಿದ್ದ ಕ್ರಮ. ಮೇಲಿನ ಬೀದಿಯಾದರೂ ಅಷ್ಟೇ, ಊರಾಚೆಯ ಕಾಲೋನಿಯಾದರೂ ಅಷ್ಟೇ. ಕಾಲೋನಿಯಲ್ಲಿ ನೀರು ಕುಡಿದ ಸುದ್ದಿ ಅವಳಿಗಿಂತ ಮೊದಲು ಹೆಮ್ಮರಗಾಲದ ಮನೆ ಮುಟ್ಟುತ್ತಿತ್ತು. "ಮೈ ತೊಳ್ಕಂಡು ಒಳಕ್ಕೆ ಬಾ" ಎಂದು ನಮ್ಮಜ್ಜಿ ಬಾಗಿಲಲ್ಲೇ ನಿಲ್ಲುತ್ತಿದ್ದಳು. "ಅಂಗಾರೆ ಒಳಕ್ಕೇ ಬರಕ್ಕಿಲ್ಲ ಬುಡು" ಎಂದು ಅತ್ತೆ ಜಗಲಿಯ ಮೇಲೇ ಮುದ್ದೆ ಉಂಡು ಸೈಕಲ್ ಹತ್ತುತ್ತಿದ್ದಳು. ನಾನು ಮಾತ್ರ ಮೈ ತೊಳೆದುಕೊಂಡು ಒಳಗೆ ಹೋಗುತ್ತಿದ್ದೆ, ಒಳಗೆ ಮೊಸರಿತ್ತು.

ನರಸೀಪುರದಲ್ಲಿ ಆಫೀಸುಗಳ ಎದುರು ಊಟದ ಮೆಸ್ಸು ನಡೆಸಿದಳು. ಅಲ್ಲಿಯವರೆಗೆ ಹೊರಗೆ ಬಂದ ಹೆಂಗಸರು ಕೂತು ಉಣ್ಣಲು ಆ ಕಡೆ ಒಂದು ಜಾಗವಿರಲಿಲ್ಲ. ಬಸ್ ಸ್ಟ್ಯಾಂಡಿನ ಗೋಡೆಯ ಕಡೆ ಮುಖ ಮಾಡಿಕೊಂಡು ಬುತ್ತಿ ಬಿಚ್ಚುತ್ತಿದ್ದರು. ಇವಳು ಒಂದು ಬೆಂಚು ಅವರಿಗೇ ಎಂದು ಬಿಟ್ಟಳು. ಗಂಡಸರು ಬಂದು ಕೂತರೆ ಎಬ್ಬಿಸುತ್ತಿದ್ದಳು, ಆಫೀಸರಾದರೂ ಎಬ್ಬಿಸುತ್ತಿದ್ದಳು. ಮೆಸ್ಸಿನ ಮಗ್ಗುಲಲ್ಲೇ ಎಸ್‌ಟಿಡಿ ಬೂತ್ ಹಾಕಿದಳು. ಅದು ಮೂಲೆಗೆ ಸೇರುವ ಹೊತ್ತಿಗೆ ಲಗೇಜ್ ಆಟೋ ಕೊಂಡು ಬಾಳೆಗೊನೆ, ತರಕಾರಿ ತುಂಬಿಕೊಂಡು ಬೆಳಗಾಗುವಷ್ಟರಲ್ಲಿ ಮೈಸೂರು ಮಾರ್ಕೆಟ್ಟಿನಲ್ಲಿರುತ್ತಿದ್ದಳು. ಮತ್ತೆ ಅದೇ ಶರ್ಟು. ಅಡ್ಡ ಬಂದವರನ್ನು ಅವಳು ಬೈಯುತ್ತಿದ್ದ ಮಾತುಗಳನ್ನು ನಾನು ಟೀಚರಾಗಿ ಇಲ್ಲಿ ಬರೆಯಲಾರೆ. ಕೂದಲು ಪೂರಾ ಬೆಳ್ಳಗಾದ ಮೇಲೆ ನಂಜನಗೂಡಿನ ಮೈದಾನದಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸಿದಳು. ಫ್ಯಾಕ್ಟರಿಗೆ ಹೋಗುವ ಹುಡುಗಿಯರು, ಅಂಗನವಾಡಿಯವರು, ನಾನು. ಹಿಂದೆ ಕೂತು ಭುಜಕ್ಕೆ ಗುದ್ದುತ್ತಿದ್ದಳು. "ನೆಲ ನೋಡ್ಬೇಡ, ನೆಲ ಎಲ್ಲಿಗೂ ಓಗಕ್ಕಿಲ್ಲ."

ಇಷ್ಟರ ನಡುವೆ ಒಂದು ಸುಳ್ಳನ್ನು ಅವಳು ನಿಭಾಯಿಸಿಕೊಂಡು ಬಂದಿದ್ದಳು. ಸುಳ್ಳೂ ಅಲ್ಲ, ಜನ ತಾವೇ ಅಂದುಕೊಂಡದ್ದನ್ನು ತಿದ್ದಲಿಲ್ಲ, ಅಷ್ಟೆ. ಕುಂಕುಮವಿಲ್ಲ, ತಾಳಿಯಿಲ್ಲ ಎಂದಮೇಲೆ ಗಂಡ ಸತ್ತಿರಬೇಕು ಎಂದು ನಂಜನಗೂಡು, ನರಸೀಪುರ ಎರಡೂ ಊರುಗಳು ತೀರ್ಮಾನಿಸಿದ್ದವು. "ಬುಟ್ಟು ಬಂದಿವ್ನಿ ಅಂದ್ರೆ ನೂರು ಪ್ರಶ್ನೆ ಕೇಳ್ತಾರೆ. ಸತ್ತೋದ ಅಂದ್ರೆ ಅಯ್ಯೋ ಅಂದು ಸುಮ್ಕಾಯ್ತಾರೆ" ಎಂದು ನಗುತ್ತಿದ್ದಳು. ಹೆಮ್ಮರಗಾಲದಲ್ಲಿ ಮಾತ್ರ ನಿಜ ಗೊತ್ತಿತ್ತು, ಅದೂ ಹಳಬರಿಗೆ. ಆ ಗಂಡ ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಅವಳಂತೂ ಇಲ್ಲವೇ ಇಲ್ಲ.

ಕಡೆಗೆ ಮಂಡಿ ಸೋತು ನನ್ನ ಮನೆಗೆ ಬಂದಳು. ಕರೆದು ಕರೆದು ನನಗೆ ಸಾಕಾಗಿತ್ತು. ಬಂದವಳು ತನ್ನ ಶರ್ಟುಗಳನ್ನು ನನ್ನ ಬೀರುವಿನಲ್ಲಿ ನೇತುಹಾಕಿ ನನ್ನ ಸೀರೆಗಳನ್ನು ಒತ್ತಿ ಜಾಗ ಮಾಡಿಕೊಂಡಳು. ಹೋದ ವರ್ಷ ಒಂದು ದಿನ ಅವಳನ್ನು ನರಸೀಪುರಕ್ಕೆ ಕರೆದುಕೊಂಡು ಹೋಗಿದ್ದೆ, ಕಣ್ಣಿನ ಡಾಕ್ಟರಿಗೆ ತೋರಿಸಲು. ಊಟಕ್ಕೆ ಅವಳದೇ ಹಳೇ ಮೆಸ್ಸಿಗೆ ಹೋದೆವು. ಈಗ ಟೈಲ್ಸ್ ಹಾಕಿ ಬೋರ್ಡು ಹಾಕಿ ದೊಡ್ಡದು ಮಾಡಿದ್ದಾರೆ. ಗಲ್ಲಾದ ಮೇಲಿದ್ದವನು ಒಳ್ಳೆಯ ಮನುಷ್ಯ, ಮುದುಕಿಗೆ ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟ. ತಮ್ಮ ತಂದೆ ಶುರು ಮಾಡಿದ ಮೆಸ್ಸು ಎಂದೂ, ಹೆಂಗಸರಿಗೆಂದು ಬೇರೆ ಬೆಂಚು ಹಾಕಿದವರು ಈ ಊರಿನಲ್ಲಿ ತಮ್ಮ ತಂದೆಯೇ ಮೊದಲು ಎಂದೂ ಹೆಮ್ಮೆಯಿಂದ ಹೇಳಿದ. ನನಗೆ ಉರಿದುಹೋಯಿತು. ಬಾಯಿ ತೆರೆದೆ. ಅತ್ತೆ ಮೇಜಿನ ಕೆಳಗೆ ಕಾಲು ತುಳಿದಳು.

"ಸಾರು ಚೆನ್ನಾಗದೆ ಕಣಪ್ಪ" ಎಂದಳು ಅವನಿಗೆ.

ಬಸ್ಸಿನಲ್ಲಿ ನಾನು ಗೊಣಗಿದ್ದಕ್ಕೆ, "ಅವರಪ್ಪನೇ ಇರ್ಬೋದು ಬುಡು. ನಾನು ಬುಟ್ಟೆ, ಅವ್ರು ಇಡ್ಕಂಡ್ರು. ಬೆಂಚು ಅದೆಯಲ್ಲ, ಅಷ್ಟು ಸಾಕು" ಎಂದು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಹೀಗೆ ಯಾವುದನ್ನೂ ತನ್ನದು ಎನ್ನದವಳು ಒಂದೇ ಒಂದು ವಿಷಯದಲ್ಲಿ ಮಾತ್ರ ಹಟ ಇಟ್ಟುಕೊಂಡಿದ್ದಳು.

ನಮ್ಮ ಬೀದಿಯಲ್ಲಿ ಒಬ್ಬಾಕೆ ಗಂಡ ಇರುವಾಗಲೇ ತೀರಿಕೊಂಡಿದ್ದರು. ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ, ಅಂದು ನಮ್ಮ ಮನೆಗೆ ಬಂದಿದ್ದಳು. ಮೂವರೂ ಹೋಗಿ ನೋಡಿಕೊಂಡು ಬಂದೆವು. ಮುಖಕ್ಕೆಲ್ಲ ಅರಿಶಿನ ಬಳಿದು, ಹಣೆ ತುಂಬ ಕುಂಕುಮವಿಟ್ಟು, ಹಸಿರು ಬಳೆ ತೊಡಿಸಿ, ಹೂವು ಮುಡಿಸಿ ಕೂರಿಸಿದ್ದರು. ಬಂದವರೆಲ್ಲ ಪುಣ್ಯವಂತೆ ಎನ್ನುತ್ತಿದ್ದರು. ಮನೆಗೆ ಬಂದು ಕಾಲು ತೊಳೆಯುತ್ತ ಅತ್ತೆ ನಮ್ಮಿಬ್ಬರಿಗೂ ಹೇಳಿದಳು, "ನಾನು ಸತ್ರೆ ಇಬೂತಿ ಇಕ್ಕಿ, ಸಾಕು. ಅರಿಸ್ನ, ಕುಂಕ್ಮ, ಬಳೆ ಯಾವ್ದನ್ನೂ ನನ್ ತಾವು ತರ್ಬೇಡಿ. ಆ ಮನೆ ಗುರುತು ನನ್ ಮೊಖದ ಮೇಲಿರ್ಬಾರ್ದು. ಕೇಳುಸ್ತಾ?" ಚಿಕ್ಕಮ್ಮ "ಊ ಅತ್ತಿಗೆ" ಎಂದಳು. ನಾನೂ ಹೂಂ ಎಂದೆ. ಅವಳು ಬಾಯಿಬಿಟ್ಟು ನಮ್ಮನ್ನು ಕೇಳಿದ್ದು ಅದೊಂದನ್ನೇ.

ಅವಳ ದೇಹವನ್ನು ವ್ಯಾನಿನಲ್ಲಿ ಹೆಮ್ಮರಗಾಲಕ್ಕೆ ತಂದಾಗ ಇನ್ನೂ ಎಳೆಬಿಸಿಲು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣು ಮಾಡುವುದೂ ಕೂರಿಸಿಯೇ. ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಹಿಂದಿನಿಂದ ಬಟ್ಟೆ ಕಟ್ಟಿದರು. ಅವಳು ಮುದ್ದೆ ಉಣ್ಣುತ್ತಿದ್ದ ಜಗಲಿಯೇ. ನೆಂಟರು ಬಂದರು, ಹೊಲದ ಮೂಲೆಯಲ್ಲಿ ಗುಂಡಿ ತೆಗೆಯಲು ಜನ ಹೋದರು. ಇಂಥ ಕೆಲಸಗಳಲ್ಲಿ ಮುಂದಾಗಿ ನಿಲ್ಲುವ ಮೇಲಿನ ಬೀದಿಯ ಅಜ್ಜಿಯೊಬ್ಬಳಿದ್ದಾಳೆ, ಅವಳು ಬಂದು ಸೆರಗು ಸಿಕ್ಕಿಸಿ ನಿಂತು ಕೇಳಿದ ಮೊದಲ ಮಾತು ಇದು: "ಇವಳ ಗಂಡ ಅವ್ನೋ, ತೀರ್ಕಂಡ್ನೋ?"

ಯಾರಿಗೂ ಗೊತ್ತಿರಲಿಲ್ಲ. ಮೈ ತೊಳೆದು ಏನು ಹಚ್ಚಬೇಕು, ಏನು ಉಡಿಸಬೇಕು ಎಂಬುದೆಲ್ಲ ಅದರ ಮೇಲೆ ನಿಂತಿತ್ತು. ಮುತ್ತೈದೆ, ವಿಧವೆ ಎಂಬ ಭೇದ ನಮ್ಮಲ್ಲಿಲ್ಲ ಎಂದು ನಮ್ಮವರು ವೇದಿಕೆಯ ಮೇಲೆ ಭಾಷಣ ಮಾಡುತ್ತಾರೆ. ಜಗಲಿಯ ಮೇಲೆ ಅದೇ ಮೊದಲ ಪ್ರಶ್ನೆ. ಸೈಕಲ್ಲು, ಬೋರಿಂಗು, ಬೂತು, ಆಟೋ, ಇಷ್ಟನ್ನೆಲ್ಲ ಮಾಡಿದವಳು ಗೋಡೆಗೆ ಒರಗಿ ಕೂತಿದ್ದಾಳೆ, ಅವಳು ಯಾರು ಎಂಬುದನ್ನು ತಿಳಿಯಲು ಜನ ಫೋನ್ ಹಿಡಿದು ಅಂಗಳದಲ್ಲಿ ಓಡಾಡುತ್ತಿದ್ದಾರೆ. ನಾನು ಅಜ್ಜಿಗೆ ಅತ್ತೆ ಹೇಳಿದ್ದನ್ನು ಹೇಳಿದೆ. "ವಿಭೂತಿ ಸಾಕು ಅಂತ ಅವಳೇ ಹೇಳವಳೆ ಅಜ್ಜಿ, ಚಿಕ್ಕಮ್ಮನಿಗೂ ಗೊತ್ತು." ಚಿಕ್ಕಮ್ಮ ನೀರಿನ ಹಂಡೆಗೆ ಸೌದೆ ಒಟ್ಟುತ್ತಿದ್ದಳು, ತಲೆಯೆತ್ತಲಿಲ್ಲ.

ಅಷ್ಟರಲ್ಲಿ ನರಸೀಪುರದ ಕಡೆಯ ಒಬ್ಬ ನೆಂಟರು ಆ ಹಳ್ಳಿಯಲ್ಲಿ ವಿಚಾರಿಸಿ ಫೋನ್ ಮಾಡಿದರು. ಚಿಕ್ಕಪ್ಪ ಸ್ಪೀಕರ್ ಹಾಕಿದ. "ಅವ್ನೆ ಕಣಪ್ಪ, ಗಟ್ಟಿಯಾಗವ್ನೆ. ಉಣ್ತಾ ಕುಂತವ್ನೆ" ಎಂದಿತು ಫೋನು.

ಜಗಲಿಯ ಮೇಲೆ ಒಂದು ರೀತಿಯ ಸಡಗರ ಶುರುವಾಯಿತು. ಅದಕ್ಕೆ ಬೇರೆ ಪದ ನನಗೆ ತೋಚುತ್ತಿಲ್ಲ. ಪುಣ್ಯವಂತೆ ಎಂದರು. ಮುತ್ತೈದೆಯಾಗಿ ಹೋದಳು ಎಂದರು. ಅವಳು ಬದುಕಿರುವಾಗ ಅವಳ ಬಗ್ಗೆ ಇಷ್ಟು ಜನ ಒಟ್ಟಿಗೆ ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅರಿಶಿನ ಕಲಸಿದರು. ಅಂಗಡಿಯಿಂದ ಹಸಿರು ಗಾಜಿನ ಬಳೆ ಬಂತು, ಹೂವು ಬಂತು. ನಾನು ಚಿಕ್ಕಪ್ಪನನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋಗಿ ಹೇಳಿದೆ. ಬೇಡ ಎಂದಿದ್ದಾಳೆ, ಅದೊಂದನ್ನೇ ಕೇಳಿಕೊಂಡಿದ್ದಾಳೆ ಎಂದೆ. ಚಿಕ್ಕಪ್ಪ ಕೆಟ್ಟವನಲ್ಲ. ತಮ್ಮಂದಿರನ್ನು ಕಂಡರೆ ಪ್ರಾಣ ಬಿಡುತ್ತಿದ್ದ ಅಕ್ಕ ಹೋಗಿದ್ದಾಳೆಂದು ಕಣ್ಣು ಕೆಂಪಾಗಿತ್ತು.

"ಗಂಡ ಇರೋ ಎಂಗ್ಸುನ್ನ ಬರೀ ಇಬೂತೀಲಿ ಕಳ್ಸುದ್ರೆ ಊರು ನನ್ ಮೊಖಕ್ಕೆ ಉಗೀತದೆ ಕಣವ್ವ. ತವರಿನೋರು ಮುತ್ತೈದೆತನ ಕಿತ್ಕಂಡ್ರು ಅಂತಾರೆ. ಅವಳ್ಗೇನು, ಏಳ್ಬುಟ್ಟು ಓದ್ಲು" ಎಂದ.

ಮೈ ತೊಳೆಸಿದರು. ತವರಿನ ಸೀರೆ ಎಂದು ಚಿಕ್ಕಮ್ಮ ಪೆಟ್ಟಿಗೆಯಿಂದ ಹಸಿರು ರೇಷ್ಮೆಸೀರೆ ತೆಗೆದಳು. ಮುಖ, ಕೈ, ಕಾಲಿಗೆಲ್ಲ ಅರಿಶಿನ ಬಳಿದರು. ಬಳೆ ಮಾತ್ರ ಏರಲಿಲ್ಲ. ಸ್ಪ್ಯಾನರ್ ತಿರುಗಿಸಿ, ಸ್ಟೇರಿಂಗ್ ಹಿಡಿದು ಗಂಟುಗಟ್ಟಿದ ಅಗಲ ಕೈ. ತಂದಿದ್ದವು ಸಣ್ಣ ಅಳತೆಯವು. ಎಣ್ಣೆ ಹಚ್ಚಿ ತಿರುಚಿದರು, ಒಂದೆರಡು ಒಡೆದವು. ಅಜ್ಜಿ ಬಿಡದೆ ದೊಡ್ಡ ಅಳತೆಯವನ್ನು ತರಿಸಿ ಏರಿಸಿದಳು. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಸಿಟ್ಟು ಬರಬೇಕಿತ್ತು, ನನಗೆ ಸಿಟ್ಟೇನೂ ಅಪರೂಪವಲ್ಲ. ಮೆಸ್ಸಿನವನ ಮೇಲೆ ಬಂದಷ್ಟೂ ಅಂದು ಬರಲಿಲ್ಲ. ಅವರು ಕೆಲಸ ಮುಗಿಸಿ ಹಿಂದೆ ಸರಿದಾಗ ಗೋಡೆಗೆ ಒರಗಿ ಕೂತಿದ್ದವಳು ನಮ್ಮ ಬೀದಿಯ ಆ ಇನ್ನೊಬ್ಬಾಕೆಯಾಗಿರಬಹುದಿತ್ತು, ಯಾರೂ ಆಗಿರಬಹುದಿತ್ತು. ನನ್ನ ಅತ್ತೆ ಆಗಿರಲಿಲ್ಲ.

ಹಣೆಯ ಕುಂಕುಮವನ್ನು ಮಾತ್ರ ಯಾರೂ ಇಡಲಿಲ್ಲ. ಅದನ್ನು ಗಂಡನ ಕೈಯಲ್ಲೇ ಇಡಿಸಬೇಕೆಂದು ಅಜ್ಜಿ ಹೇಳಿದಳು. ಚಿಕ್ಕಪ್ಪ ಆ ಹಳ್ಳಿಗೆ ಫೋನ್ ಮಾಡಿ ಕರೆದ, ಬರುತ್ತೇನೆ ಎಂದನಂತೆ. ವಿಧಿ ಮಾಡಿಸಲು ಬಂದಿದ್ದ ಅಯ್ಯನವರು ಬಿಲ್ವಪತ್ರೆಯ ಬುಟ್ಟಿ ಪಕ್ಕಕ್ಕಿಟ್ಟು ಕೂತರು. ಗುಂಡಿ ತೆಗೆದವರು ಕೈಕಾಲು ತೊಳೆದು ಕೂತರು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಇಷ್ಟು ವರ್ಷ ಅವನಿಗಾಗಿ ಒಂದು ಗಳಿಗೆ ಕಾಯದವಳು ಅಂದು ಮಧ್ಯಾಹ್ನವೆಲ್ಲ ಅವನಿಗಾಗಿ ಕಾದು ಕೂತಳು.

ಅವನು ಯಾರದೋ ಮೋಟಾರ್ ಬೈಕಿನ ಹಿಂದೆ ಕೂತು ಬಂದ. ಸಣಕಲು ಮುದುಕ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಸಂಬಂಧದಲ್ಲಿ ನನಗೆ ಮಾವನಾಗಬೇಕು; ನಾನು ಅವನನ್ನು ನೋಡಿದ್ದೇ ಅಂದು. ಜನ ಎದ್ದು ದಾರಿ ಬಿಟ್ಟರು. ಚಿಕ್ಕಪ್ಪ ಎದುರು ಹೋಗಿ ಕೈ ಹಿಡಿದುಕೊಂಡು ಕರೆತಂದ. ಅಜ್ಜಿ ಕುಂಕುಮದ ಬಟ್ಟಲು ಮುಂದೆ ಹಿಡಿದಳು. ಅವನು ಬಟ್ಟಲನ್ನು ನೋಡಿದ, ಗೋಡೆಗೆ ಒರಗಿದವಳನ್ನು ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ.

"ನಾನು ಇಕ್ಕಕ್ಕಿಲ್ಲ" ಎಂದ.

"ಯಾಕಪ್ಪ, ಕಡೇ ಕುಂಕ್ಮ ಕಣಪ್ಪ" ಎಂದಳು ಅಜ್ಜಿ.

"ಮನೇಲಿ ನನ್ ಎಂಡ್ತಿ ಅವ್ಳೆ. ಬರೋವಾಗ್ಲೇ ಏಳಿ ಕಳ್ಸವ್ಳೆ. ಇವಳು ನನ್ ಎಸ್ರಲ್ಲಿ ಮುತ್ತೈದೆಯಾಗಿ ಮಣ್ಣಿಗೋದ್ರೆ ನನ್ನೂ ಜೊತೇಲಿ ಕರ್ಕಂಡೋಯ್ತಾಳಂತೆ. ಮನೇಲಿರೋಳ ಕುಂಕ್ಮ ಅಳಿಸ್ತಾಳಂತೆ." ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. ನಿಜವಾಗಿಯೂ ಹೆದರಿದ್ದ. "ನಂಗೂ ಇವಳ್ಗೂ ಆವತ್ತೇ ಮುಗ್ದೋಯ್ತು. ಇದೆಲ್ಲ ತೆಗೀರಿ. ಈ ಅರಿಸ್ನ, ಬಳೆ, ಎಲ್ಲ ತೆಗ್ದು ತೊಳ್ದುಬುಡಿ. ತೊಳ್ಯೋದ ನೋಡ್ಕಂಡೇ ನಾನು ಓಗೋದು."

ಚಿಕ್ಕಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಬಟ್ಟಲನ್ನು ಕೆಳಗಿಟ್ಟಳು. "ಗಂಡ್ನೇ ಏಳ್ದಮೇಕೆ ಇನ್ನೇನು" ಎಂದಳು. "ನೀರು ಕಾಯ್ಸಿ."

ಅಷ್ಟೇ. ಅವಳು ಹೇಳಿದ್ದಳು, ನಾನು ಬೆಳಗಿನಿಂದ ಹೇಳಿದ್ದೆ, ಒಬ್ಬರೂ ಕದಲಿರಲಿಲ್ಲ. ಅವನು ಹೆಂಡತಿಗೆ ಹೆದರಿಕೊಂಡು ನಾಲ್ಕು ಮಾತು ಆಡಿದ, ಹಂಡೆ ಒಲೆಯ ಮೇಲೇರಿತು. ಊರು ಉಗಿಯುತ್ತದೆ ಎಂದಿದ್ದ ಚಿಕ್ಕಪ್ಪ ತಾನೇ ಸೌದೆ ತಂದು ಹಾಕಿದ. ಅವಳ ಆಸೆ ನೆರವೇರುತ್ತಿದೆ, ನನಗೆ ಸಂತೋಷವಾಗಬೇಕು ಎಂದುಕೊಂಡೆ. ಏನೂ ಆಗಲಿಲ್ಲ.

ತೊಳೆಯುವುದನ್ನು ನಾನೇ ಮಾಡುತ್ತೇನೆ ಎಂದೆ, ಯಾರೂ ಬೇಡ ಎನ್ನಲಿಲ್ಲ. ಎರಡು ಕಂಬದ ನಡುವೆ ಸೀರೆ ಮರೆ ಹಿಡಿದರು. ಅರಿಶಿನ ಒಣಗಿ ಅಂಟಿಕೊಂಡಿತ್ತು. ಸೋಪು ಹಚ್ಚಿ ಬಟ್ಟೆಯಲ್ಲಿ ತಿಕ್ಕಬೇಕಾಯಿತು. ಮೊದಲು ಹಣೆ ಬಂತು, ಆಮೇಲೆ ಮೂಗಿನ ಪಕ್ಕದ ಗೆರೆ, ಆಮೇಲೆ ಬಾಯಿ. ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ ಹಳದಿ ಉಳಿಯಿತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಬಳೆಗಳನ್ನು ತೆಗೆಯಲು ಬರಲಿಲ್ಲ, ಚಿಕ್ಕಮ್ಮ ಒಂದು ಬಟ್ಟೆ ಸುತ್ತಿ ಕಲ್ಲಿನಿಂದ ಮೆಲ್ಲಗೆ ಒಡೆದಳು. ಅಷ್ಟು ಹೊತ್ತಿಗೆ ಅವಳು ಅಳುತ್ತಿದ್ದಳು. "ನಂಗೆ ಏಳಿದ್ರು ಕಣೇ, ನಂಗೂ ಏಳಿದ್ರು" ಎಂದು ಒಂದೇ ಸಮ ಹೇಳುತ್ತಿದ್ದಳು. "ಗೊತ್ತು, ಅವಳ ಕೈ ಹಿಡ್ಕೊ" ಎಂದೆ. ಇಬ್ಬರೂ ಸೇರಿ ಅತ್ತೆಗೆ ಅವಳದೇ ಸಾದಾ ಹತ್ತಿಸೀರೆ ಉಡಿಸಿದೆವು. ಅಯ್ಯನವರು ಹಣೆಗೆ ಅಡ್ಡಲಾಗಿ ವಿಭೂತಿ ಎಳೆದರು. ಆಗ ಅತ್ತೆ ವಾಪಸು ಬಂದಳು. ಯಾರನ್ನೋ ಬೈಯಲು ಬಾಯಿ ತೆರೆಯುವ ಮೊದಲಿನ ಮುಖ ಅದು. ಆ ಮುಖ ನೋಡಲು ಸಿಕ್ಕಿತಲ್ಲ ಎಂದು ಅಂದು ಒಂದು ಕ್ಷಣ ಸಮಾಧಾನವಾದದ್ದು ಉಂಟು.

ಅವನಿಗೆ ಯಾರೋ ಟೀ ಕೊಟ್ಟಿದ್ದರು. ಹೊರಡುವ ಮೊದಲು ನನ್ನನ್ನು ಕೇಳಿದ, "ನೀನು ಯಾರ ಮಗಳವ್ವ?" ಹೇಳಿದೆ. "ಏನ್ ಮಾಡ್ಕಂಡಿದ್ಲು ಇಷ್ಟು ದಿನ?" ಎಂದ.

"ಬೇಕಾದಷ್ಟು ಮಾಡಿದಳು" ಎಂದೆ.

"ಅಂಗಾ" ಎಂದು ತಲೆಯಾಡಿಸಿ ಟೀ ಮುಗಿಸಿದ. ಅವನ ಬೈಕು ಹೋದಮೇಲೆ ನಾವು ಅವಳನ್ನು ಎತ್ತಿದೆವು. ಹೊಲದ ಮೂಲೆಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚಿದರು. ನಾನೂ ಮೂರು ಹಿಡಿ ಹಾಕಿ ಬಂದೆ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಚಿಕ್ಕಪ್ಪ ಊರ ಬಾಗಿಲಲ್ಲಿ ಫ್ಲೆಕ್ಸ್ ಹಾಕಿಸಿದ್ದ. ಅವಳ ಫೋಟೋ, ಹೆಸರು, ಹೆಸರಿನ ಕೆಳಗೆ ಆ ಮನುಷ್ಯನ ಹೆಸರು ಹಾಕಿ, ಅವರ ಧರ್ಮಪತ್ನಿ ಎಂದಿತ್ತು. ಹಾಗೇ ಬರೆಸುವುದು ರೂಢಿ ಎಂದ. ಮಠದ ಕಡೆಯಿಂದ ಬಂದಿದ್ದ ಹಿರಿಯರು ನಾಲ್ಕು ಮಾತಾಡಿದರು. ಗಂಡನೇ ಮುಂದೆ ನಿಂತು ಅರಿಶಿನ ಕುಂಕುಮ ಬೇಡವೆಂದು ವಿಭೂತಿಯಲ್ಲೇ ಕಳಿಸಿಕೊಟ್ಟದ್ದನ್ನು ಯಾರೋ ಅವರಿಗೆ ಹೇಳಿದ್ದರು. ಹೆಣ್ಣನ್ನು ಕಟ್ಟುಪಾಡಿನಿಂದ ಬಿಡಿಸಿದ ಅಂಥ ದೊಡ್ಡ ಮನಸ್ಸಿನ ಗಂಡಸರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ ಎಂದು ಅವರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ನಾನು ಪಾಯಸದ ಬಕೆಟ್ ಹಿಡಿದು ನಿಂತಿದ್ದೆ. ಸಾಲು ಉದ್ದವಿತ್ತು, ಬಡಿಸಿಕೊಂಡು ಮುಂದೆ ಹೋದೆ.

ಮೊನ್ನೆ ಸ್ಕೂಲಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಹೆಮ್ಮರಗಾಲದ ಕಡೆಯವಳು. ಯಾವ ಮನೆಯವರು ಎಂದು ಕೇಳಿದಳು. ಹೇಳಿದೆ, ತಿಳಿಯಲಿಲ್ಲ. ಅತ್ತೆಯ ಹೆಸರು ಹೇಳಿದೆ. ಸೈಕಲ್ ಅಂಗಡಿ ಇಟ್ಟಿದ್ದರಲ್ಲ ಎಂದೆ, ಬೋರಿಂಗ್ ರಿಪೇರಿಗೆ ನಿಮ್ಮ ಊರಿಗೂ ಬಂದಿರಬೇಕು ಎಂದೆ, ಲಗೇಜ್ ಆಟೋ ಓಡಿಸುತ್ತಿದ್ದರು ಎಂದೆ. ಅವಳು ಯೋಚಿಸಿ ಯೋಚಿಸಿ ತಲೆ ಅಲ್ಲಾಡಿಸಿದಳು. ಹಿಂದಿನ ಸೀಟಿನಿಂದ ಇನ್ನೊಬ್ಬಳು ಮುಂದೆ ಬಾಗಿ ಅವಳ ಭುಜ ತಟ್ಟಿದಳು.

"ಅದೇ ಕಣವ್ವ, ಗಂಡ ಬಂದು ಅರಿಸ್ನ ತೊಳಸ್ದ್ನಲ್ಲ, ಅವಳು."

"ಓ, ಅವಳಾ" ಎಂದಳು ನನ್ನ ಪಕ್ಕದವಳು, ಮುಖ ಅರಳಿಸಿ. "ಪುಣ್ಯಾತ್ಮ ಕಣವ್ವ ಆವಯ್ಯ. ಅವಳೇ ಅಲ್ವ?"

ಹೌದು, ಅವಳೇ ಎಂದೆ.